ಬಾಯಿಮಾತಿಗೆ ಲೆಡ್ಜರ್ ಇಲ್ಲ

ಇತಿಹಾಸ ಸರಣಿ, ಭಾಗ 6. ಈ ಸಲ ಅಮೆರಿಕ. ಅಕೌಂಟ್ಸ್ ಓದೋರು ಪೂರ್ತಿ ಓದಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೇನೆಗೆ ಜನ ಸೇರಿಸೋರು ಹುಡುಗರಿಗೆ ಒಂದು ಮಾತು ಕೊಡ್ತಿದ್ರು: ಇಪ್ಪತ್ತು ವರ್ಷ ಸೇವೆ ಮಾಡಿ, ಆಮೇಲೆ ಜೀವನಪೂರ್ತಿ ಚಿಕಿತ್ಸೆ ಫ್ರೀ. ಕಾನೂನಲ್ಲಿ ಹಾಗಿರಲಿಲ್ಲ. 1956ರ ಕಾಯ್ದೆ ಹೇಳಿದ್ದು ಇಷ್ಟೇ: ಮಿಲಿಟರಿ ಆಸ್ಪತ್ರೆಯಲ್ಲಿ ಜಾಗ ಇದ್ದರೆ ನಿವೃತ್ತರಿಗೂ ಚಿಕಿತ್ಸೆ. ಆ 'ಇದ್ದರೆ' ನೆನಪಿಟ್ಕೊಳ್ಳಿ.

1965ರಲ್ಲಿ ವಯಸ್ಸಾದವರಿಗಾಗಿ ಮೆಡಿಕೇರ್ ಕಾಯ್ದೆ ಬಂತು. ಮರುವರ್ಷ 'ಚಾಂಪಸ್' ಅನ್ನೋ ಯೋಜನೆಯನ್ನ ಸೇನಾ ನಿವೃತ್ತರಿಗೂ ವಿಸ್ತರಿಸಿದರು. ಹೊರಗಿನ ಆಸ್ಪತ್ರೆ ಬಿಲ್ಲಿನಲ್ಲಿ ದೊಡ್ಡ ಪಾಲು ಸರ್ಕಾರದ್ದು. ಆದರೆ 65 ತುಂಬಿ ಮೆಡಿಕೇರ್ ಸಿಕ್ಕಿದ ತಕ್ಷಣ ಚಾಂಪಸ್ ಕಟ್! ಮನೆಯಲ್ಲಿ ತಗೊಳ್ಳೋ ಮಾತ್ರೆಗಳಿಗೆ ಮೆಡಿಕೇರ್ ಆಗ ದುಡ್ಡು ಕೊಡ್ತಿರಲಿಲ್ಲ. ಕಾಯಿಲೆ ಜಾಸ್ತಿಯಾಗೋ ವಯಸ್ಸಲ್ಲೇ ಆಸರೆ ಕಮ್ಮಿ. ಶೀತಲ ಸಮರ ಮುಗಿದ ಮೇಲೆ ಎಷ್ಟೋ ಸೇನಾ ನೆಲೆಗಳು ಮುಚ್ಚಿದವು, ಜೊತೆಗೆ ಅಲ್ಲಿನ ಆಸ್ಪತ್ರೆಗಳೂ. 'ಜಾಗ ಇದ್ದರೆ' ಅನ್ನೋದು 'ಜಾಗ ಇಲ್ಲ' ಆಯ್ತು.

1996ರಲ್ಲಿ ಬಡ್ ಡೇ ಸರ್ಕಾರದ ಮೇಲೆ ಕೇಸ್ ಹಾಕಿದರು. ಯಾರು ಇವರು? ವಿಯೆಟ್ನಾಂನಲ್ಲಿ ಐದು ವರ್ಷಕ್ಕೂ ಹೆಚ್ಚು ಯುದ್ಧಕೈದಿಯಾಗಿದ್ದ ಪೈಲಟ್, ಮೆಡಲ್ ಆಫ್ ಆನರ್ ಪಡೆದವರು, ನಿವೃತ್ತಿ ನಂತರ ವಕೀಲರು. ಕೇಸ್ ಎಳೀತಾ ಹೋಯ್ತು.

ಅಷ್ಟರಲ್ಲಿ ನಿವೃತ್ತರ ಒತ್ತಡಕ್ಕೆ ಅಮೆರಿಕದ ಸಂಸತ್ತು ಮಣಿಯಿತು. (ಆಗ ಅವರ ಬಜೆಟ್‌ನಲ್ಲಿ ಸರ್‌ಪ್ಲಸ್ ಇತ್ತು ಅನ್ನೋದನ್ನೂ ಮರೀಬೇಡಿ.) 2000ದ ಅಕ್ಟೋಬರ್ 30ರಂದು ಅಧ್ಯಕ್ಷ ಕ್ಲಿಂಟನ್ ಸಹಿ, 2001ರ ಅಕ್ಟೋಬರ್ 1ರಿಂದ 'ಟ್ರೈಕೇರ್ ಫಾರ್ ಲೈಫ್' ಜಾರಿ. ಬಿಲ್ ಮೊದಲು ಮೆಡಿಕೇರ್‌ಗೆ, ಉಳಿದದ್ದು ಟ್ರೈಕೇರ್‌ಗೆ. ಇದಕ್ಕೆ ಬೇರೆ ಪ್ರೀಮಿಯಂ ಇಲ್ಲ, ಆದರೆ ಮೆಡಿಕೇರ್ 'ಪಾರ್ಟ್ ಬಿ' ತಗೊಳ್ಳಲೇಬೇಕು: 2001ರಲ್ಲಿ ತಿಂಗಳಿಗೆ 50 ಡಾಲರ್, 2025ರಲ್ಲಿ 185. ಪೂರ್ತಿ ಫ್ರೀ ಅಂತೂ ಅಲ್ಲ.

ಈಗ ನಮ್ಮ ಸಬ್ಜೆಕ್ಟ್. 2002ರ ಅಕ್ಟೋಬರ್‌ನಿಂದ ಇದಕ್ಕೊಂದು ಪ್ರತ್ಯೇಕ ನಿಧಿ ಶುರುವಾಯ್ತು. ಇವತ್ತು ಕೆಲಸದಲ್ಲಿರೋ ಸೈನಿಕನಿಗೆ 65 ಆದ ಮೇಲೆ ಬರೋ ಖರ್ಚನ್ನ ಅಂದಾಜು ಮಾಡಿ, ಅದರ ಪಾಲನ್ನ ಈ ವರ್ಷವೇ ತೆಗೆದಿಡ್ತಾರೆ. ಹಳೇ ಸೇವೆಯ ಬಾಕಿ ಖಜಾನೆ ಕಟ್ಟುತ್ತೆ. ಪಕ್ಕಾ ಅಕ್ರೂಯಲ್! ನನ್ನ ಪ್ರಕಾರ ಯೋಜನೆಗಿಂತ ದೊಡ್ಡ ಗೆಲುವು ಇದೇ, ಯಾಕಂದ್ರೆ ಕೊಟ್ಟ ಮಾತಿಗೆ ಮುಂಚಿತವಾಗೇ ದುಡ್ಡು ತೆಗೆದಿಡೋ ವ್ಯವಸ್ಥೆ ಬಂತು.

ಮರುತಿಂಗಳೇ, ನವೆಂಬರ್‌ನಲ್ಲಿ, ಫೆಡರಲ್ ಮೇಲ್ಮನವಿ ಕೋರ್ಟ್ 9–4ರಲ್ಲಿ ಬಡ್ ಡೇ ಕಡೆಯವರ ವಿರುದ್ಧ ತೀರ್ಪು ಕೊಟ್ಟಿತು. ಹಾಗೆ ಮಾತು ಕೊಡೋ ಅಧಿಕಾರ ಸೇನೆಯವರಿಗೆ ಇರಲಿಲ್ಲ, ಅದು ಸಂಸತ್ತಿಗೆ ಮಾತ್ರ ಅಂತ. ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ಹದಿನೆಂಟರ ಹುಡುಗ, ಯುದ್ಧಕ್ಕೆ ಹೊರಡೋ ಹೊತ್ತಲ್ಲಿ, "ಸರ್, ಈ ಮಾತು ಕೊಡೋ ಅಧಿಕಾರ ನಿಮಗಿದೆಯಾ?" ಅಂತ ಕೇಳಬೇಕಿತ್ತಾ?