ಸ್ಲೀಪ್ ವ್ಯವಸ್ಥೆ (ಅಸೆಂಬಲ್ಡ್ ಡೆಸ್ಕ್‌ಟಾಪ್‌ಗಳಲ್ಲಿ)

ತೆರೆದಿಟ್ಟ ಕೆಲಸವನ್ನು ರ‍್ಯಾಮ್‌ನಲ್ಲಿ ಹಾಗೆಯೇ ಉಳಿಸಿಕೊಂಡು, ಕಂಪ್ಯೂಟರಿನ ಉಳಿದ ಬಹುತೇಕ ಭಾಗಗಳಿಗೆ ವಿದ್ಯುತ್ ನಿಲ್ಲಿಸುವ ಏರ್ಪಾಡೇ ಸ್ಲೀಪ್. ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಅಗ್ಗದ ಡೆಸ್ಕ್‌ಟಾಪ್‌ಗಳಲ್ಲಿ ಇದು ಕೈಕೊಡುವುದುಂಟು. ಅಲ್ಲಿ ಮದರ್‌ಬೋರ್ಡ್, ಪವರ್ ಸಪ್ಲೈ, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್‌ಗಳು ಬೇರೆ ಬೇರೆ ತಯಾರಕರವು. ಮಲಗುವಾಗಲೂ ಏಳುವಾಗಲೂ ಇವೆಲ್ಲ ಒಂದೇ ಕ್ರಮದಲ್ಲಿ ನಡೆಯಬೇಕು. ಯಾವ ಹಂತದಲ್ಲಿ ಕ್ರಮ ತಪ್ಪಿತೆಂದು ಮೊದಲು ಗುರುತಿಸಿಕೊಂಡರೆ ಅನವಶ್ಯಕವಾಗಿ ಹೊಸ ಭಾಗ ಕೊಳ್ಳುವ ಖರ್ಚು ತಪ್ಪುತ್ತದೆ.

ಹಿನ್ನೆಲೆ

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಪಿಎಂ ವ್ಯವಸ್ಥೆಯಲ್ಲಿ ವಿದ್ಯುತ್ ನಿರ್ವಹಣೆ ಹೆಚ್ಚಾಗಿ ಬಯೋಸ್‌ನ ಕೈಯಲ್ಲಿತ್ತು. ತೋಷಿಬಾ ಕೂಡ ಸೇರಿ 1996ರಲ್ಲಿ ಹೊರತಂದ ಎಸಿಪಿಐ ಮಾನದಂಡ ಆ ಹೊಣೆಯನ್ನು ಆಪರೇಟಿಂಗ್ ಸಿಸ್ಟಂಗೆ ವಹಿಸಿತು. ಇದರಲ್ಲಿ ಎಸ್3 ಎಂದರೆ ರ‍್ಯಾಮ್ ಆಧರಿಸಿದ ಸ್ಲೀಪ್. ಎಸ್4 ಎಂದರೆ ಕೆಲಸವನ್ನು ಡಿಸ್ಕ್‌ಗೆ ಬರೆದಿಡುವ ಹೈಬರ್ನೇಟ್. ಎಸ್5 ಎಂದರೆ ಶಟ್‌ಡೌನ್. ಎಸ್3ಯಲ್ಲಿ ರ‍್ಯಾಮ್‌ಗೆ ಬೇಕಾದ ವಿದ್ಯುತ್ ಬರುವುದು ಎಟಿಎಕ್ಸ್ ಪವರ್ ಸಪ್ಲೈನ 5 ವೋಲ್ಟ್ ಸ್ಟ್ಯಾಂಡ್‌ಬೈ ತಂತಿಯಿಂದ.

ಮಲಗದಿರುವುದು

ವಿಂಡೋಸ್‌ನಲ್ಲಿ ‘ಪವರ್‌ಸಿಎಫ್‌ಜಿ /ಎ’ ಆದೇಶ ಯಂತ್ರಕ್ಕೆ ಯಾವ ಸ್ಲೀಪ್ ಸ್ಥಿತಿಗಳು ಲಭ್ಯವೆಂದು ತೋರಿಸುತ್ತದೆ. ಎಸ್3 ಕಾಣದಿದ್ದರೆ ಬಯೋಸ್ ಆಯ್ಕೆಗಳನ್ನೂ ಗ್ರಾಫಿಕ್ಸ್ ಡ್ರೈವರನ್ನೂ ನೋಡಬೇಕು. ಎಸ್3 ಇದ್ದೂ ಯಂತ್ರ ಮಲಗದಿದ್ದರೆ ‘/ರಿಕ್ವೆಸ್ಟ್ಸ್’ ಆಯ್ಕೆ ಅದನ್ನು ಎಚ್ಚರವಿಟ್ಟಿರುವ ಪ್ರೋಗ್ರಾಂ ಅಥವಾ ಡ್ರೈವರಿನ ಹೆಸರು ಕೊಡುತ್ತದೆ.

ತಾನಾಗಿ ಏಳುವುದು

ಮೌಸ್, ನೆಟ್‌ವರ್ಕ್ ಕಾರ್ಡ್ ಮತ್ತು ಹೊತ್ತು ಗೊತ್ತುಮಾಡಿದ ಅಪ್‌ಡೇಟ್‌ಗಳು ಇದಕ್ಕೆ ಸಾಮಾನ್ಯ ಕಾರಣ. ‘/ಲಾಸ್ಟ್‌ವೇಕ್’ ಕಡೆಯ ಬಾರಿ ಎಬ್ಬಿಸಿದ್ದು ಯಾವುದೆಂದೂ ‘/ವೇಕ್‌ಟೈಮರ್ಸ್’ ಮುಂದೆ ಎಬ್ಬಿಸಲಿರುವುದು ಯಾವುದೆಂದೂ ತಿಳಿಸಬಲ್ಲವು. ಬಳಿಕ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಉಪಕರಣದ ಎಬ್ಬಿಸುವ ಅನುಮತಿ ತೆಗೆದರೆ ಸಾಕು. ಲಿನಕ್ಸ್‌ನಲ್ಲಿ ಎಬ್ಬಿಸಬಲ್ಲ ಉಪಕರಣಗಳ ಪಟ್ಟಿ ‘/ಪ್ರೋಕ್/ಎಸಿಪಿಐ/ವೇಕಪ್’ ಕಡತದಲ್ಲಿರುತ್ತದೆ.

ಏಳದಿರುವುದು

ಫ್ಯಾನ್ ತಿರುಗುತ್ತಿದ್ದು ಪರದೆ ಕಪ್ಪಾಗಿದ್ದರೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಬೇಕು. ಅದರ ದೀಪ ಹತ್ತಿ ಆರಿದರೆ ಸಿಸ್ಟಂ ಎಚ್ಚರವಾಗಿದೆ, ತೊಡಕು ಬಹುಶಃ ಗ್ರಾಫಿಕ್ಸ್ ಡ್ರೈವರ್ ಅಥವಾ ಮಾನಿಟರಿನದು. ದೀಪ ಅಲುಗದಿದ್ದರೆ ರ‍್ಯಾಮ್‌ನ ಎಕ್ಸ್‌ಎಂಪಿ ವೇಗ ತೆಗೆದು ಸಾಮಾನ್ಯ ವೇಗದಲ್ಲಿ ಪರೀಕ್ಷಿಸಬೇಕು. ಮೆಮ್‌ಟೆಸ್ಟ್86+ ಓಡಿಸಿ ರ‍್ಯಾಮ್‌ನ ಆರೋಗ್ಯವನ್ನೂ ನೋಡಬೇಕು. ಎದ್ದ ಯಂತ್ರ ಕೆಲಸ ಕಳೆದುಕೊಂಡು ಹೊಸದಾಗಿ ಬೂಟ್ ಆಗುತ್ತಿದ್ದರೆ ಪವರ್ ಸಪ್ಲೈ ಮೇಲೆ ಅನುಮಾನಪಡಲು ಕಾರಣವಿದೆ. ಸ್ಟ್ಯಾಂಡ್‌ಬೈ ವೋಲ್ಟೇಜು 4.75ರಿಂದ 5.25ರೊಳಗಿರಬೇಕು. ಸ್ನೇಹಿತರ ಒಳ್ಳೆಯ ಪವರ್ ಸಪ್ಲೈ ಎರವಲು ತಂದು ಹಾಕಿ ನೋಡುವುದು ಸುರಕ್ಷಿತ ಪರೀಕ್ಷೆ; ಪವರ್ ಸಪ್ಲೈನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು, ಅದರ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಪರೀಕ್ಷಾ ಕ್ರಮ ಮತ್ತು ಎಚ್ಚರಿಕೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬಾರಿಯೂ ಯಂತ್ರವನ್ನು ಮಲಗಿಸಿ ಎಬ್ಬಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಬಯೋಸ್ ಅಪ್‌ಡೇಟ್ ಹಲವು ಎಸ್3 ದೋಷಗಳನ್ನು ನೀಗಿಸುತ್ತದೆಯಾದರೂ ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು, ಆದ್ದರಿಂದ ಯುಪಿಎಸ್ ಇದ್ದಾಗಲೇ ಮಾಡಬೇಕು. ಎಸ್3ಯಲ್ಲಿದ್ದಾಗ ಕರೆಂಟ್ ಹೋದರೆ ಉಳಿಸದ ಕೆಲಸ ಅಳಿಯುತ್ತದೆ. ಕರೆಂಟ್ ಆಗಾಗ ಹೋಗುವ ಊರುಗಳಲ್ಲಿ ರ‍್ಯಾಮ್ ಜೊತೆಗೆ ಡಿಸ್ಕ್‌ನಲ್ಲೂ ಪ್ರತಿ ಇಡುವ ಹೈಬ್ರಿಡ್ ಸ್ಲೀಪ್ ಅಥವಾ ಹೈಬರ್ನೇಟ್ ಬಳಸುವುದೇ ಕ್ಷೇಮ.