ತೆರೆದ ಗಣಿ ಇಳಿಜಾರಿನ ಶಿಲಾ ಮೌಲ್ಯಮಾಪನ

ತೆರೆದ ಗಣಿ ಇಳಿಜಾರಿನ ಶಿಲಾ ಮೌಲ್ಯಮಾಪನ ಎಂದರೆ ಗಣಿಯ ಗೋಡೆಗಳನ್ನು ಎಷ್ಟು ಕಡಿದಾಗಿ ಕತ್ತರಿಸಬಹುದು ಎಂಬುದನ್ನು ನಿರ್ಧರಿಸಲು ಅಲ್ಲಿನ ಬಂಡೆಯ ಸ್ಥಿತಿಯನ್ನು ಅಳೆಯುವ ಕ್ರಮ. ಗೋಡೆ ಕಡಿದಾದಷ್ಟೂ ಅದಿರಿಗಾಗಿ ತೆಗೆಯಬೇಕಾದ ನಿರುಪಯುಕ್ತ ಕಲ್ಲು ಮತ್ತು ಅದರ ವೆಚ್ಚ ಕಡಿಮೆಯಾಗುತ್ತವೆ. ಆದರೆ ಕುಸಿತದ ಅಪಾಯ ಹೆಚ್ಚುತ್ತದೆ.

ಬಿರುಕುಗಳ ಪಾತ್ರ

ಪ್ರಯೋಗಾಲಯದಲ್ಲಿ ಗಟ್ಟಿಯೆಂದು ಕಂಡುಬಂದ ಕಲ್ಲಿನ ಗೋಡೆಯೂ ಕುಸಿಯಬಹುದು. ಶಿಲಾರಾಶಿಯನ್ನು ಸೀಳುಗಳು, ಪದರಗಳು ಹಾಗೂ ಸ್ತರಭಂಗಗಳು ವಿಭಜಿಸಿರುವುದೇ ಇದಕ್ಕೆ ಕಾರಣ. ಕುಸಿತದಲ್ಲಿ ನಾಲ್ಕು ಮುಖ್ಯ ಬಗೆಗಳಿವೆ:

* ಸಮತಲ ಜಾರಿಕೆ: ಗಣಿಯ ಕಡೆಗೆ ವಾಲಿದ ಒಂದು ಬಿರುಕಿನ ಮೇಲೆ ಬಂಡೆ ಜಾರುತ್ತದೆ.
* ಬೆಣೆ ಜಾರಿಕೆ: ಎರಡು ಬಿರುಕುಗಳು ಸಂಧಿಸುವ ಗೆರೆಯ ಉದ್ದಕ್ಕೂ ಬೆಣೆಯಾಕಾರದ ಬಂಡೆ ಜಾರುತ್ತದೆ.
* ಮಗುಚುವಿಕೆ: ಗೋಡೆಯ ಒಳಮುಖವಾಗಿ ಕಡಿದಾಗಿ ವಾಲಿದ ಬಿರುಕುಗಳ ನಡುವಿನ ಕಂಬಗಳು ಹೊರಕ್ಕೆ ಬೀಳುತ್ತವೆ.
* ವೃತ್ತಾಕಾರದ ಕುಸಿತ: ಶಿಥಿಲಗೊಂಡ ಅಥವಾ ಅತಿಯಾಗಿ ಒಡೆದ ಶಿಲೆಯಲ್ಲಿ ಕಂಡುಬರುತ್ತದೆ.

ಬಿರುಕುಗಳಲ್ಲಿ ಸೇರುವ ನೀರಿನ ಒತ್ತಡವು ಘರ್ಷಣೆಯನ್ನು ತಗ್ಗಿಸುವುದರಿಂದ ಜಾರಿಕೆ ಸುಲಭವಾಗುತ್ತದೆ.

ಮಾಹಿತಿ ಸಂಗ್ರಹ ಮತ್ತು ವರ್ಗೀಕರಣ

ಭೂವಿಜ್ಞಾನಿಗಳು ತೆರೆದ ಬಂಡೆಯ ಮೇಲೆ ಬಿರುಕುಗಳ ದಿಕ್ಕು, ವಾಲಿದ ಕೋನ, ಪರಸ್ಪರ ಅಂತರ, ಒರಟುತನ ಮತ್ತು ಒಳಗೆ ತುಂಬಿದ ವಸ್ತುವನ್ನು ದಾಖಲಿಸುತ್ತಾರೆ. ಆಳದ ಶಿಲೆಯ ಅಧ್ಯಯನಕ್ಕೆ ಕೊರೆದು ತೆಗೆದ ಉರುಳೆಯಾಕಾರದ ಮಾದರಿಗಳನ್ನು ಬಳಸುತ್ತಾರೆ. ಕೊರೆದ ಒಟ್ಟು ಉದ್ದದಲ್ಲಿ 10 ಸೆಂ.ಮೀ.ಗಿಂತ ಉದ್ದವಾದ ಅಖಂಡ ತುಂಡುಗಳ ಶೇಕಡಾ ಪ್ರಮಾಣವನ್ನು ಆರ್‌ಕ್ಯೂಡಿ ಎನ್ನುತ್ತಾರೆ. 1973ರಲ್ಲಿ ಬೀನಿಯಾವ್ಸ್ಕಿ ಮಂಡಿಸಿದ ಆರ್‌ಎಂಆರ್ ಪದ್ಧತಿಯು ಶಿಲೆಯ ಬಲ, ಆರ್‌ಕ್ಯೂಡಿ, ಬಿರುಕುಗಳ ಅಂತರ, ಅವುಗಳ ಸ್ಥಿತಿ ಹಾಗೂ ಅಂತರ್ಜಲಕ್ಕೆ ಅಂಕ ನೀಡುತ್ತದೆ. ಬಿರುಕುಗಳು ಇಳಿಜಾರಿಗೆ ಪ್ರತಿಕೂಲವಾದ ದಿಕ್ಕಿನಲ್ಲಿದ್ದರೆ ಅಂಕ ಕಳೆಯಲಾಗುತ್ತದೆ.

ವಿನ್ಯಾಸ

ಗೋಡೆಯನ್ನು ಮೆಟ್ಟಿಲುಗಳಂತೆ ಕತ್ತರಿಸುವುದರಿಂದ ಪ್ರತಿ ಮೆಟ್ಟಿಲಿನ ಕೋನ ಮತ್ತು ಇಡೀ ಗೋಡೆಯ ಕೋನವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ಜಾರಿಕೆಯನ್ನು ತಡೆಯುವ ಬಲಕ್ಕೂ ಜಾರಿಸುವ ಬಲಕ್ಕೂ ಇರುವ ಅನುಪಾತವೇ ಸುರಕ್ಷತಾ ಗುಣಾಂಕ. ಅದು 1ಕ್ಕಿಂತ ಕಡಿಮೆಯಾದರೆ ಗೋಡೆ ನಿಲ್ಲುವುದಿಲ್ಲ. ಅಳತೆಗಳಲ್ಲಿ ಅನಿಶ್ಚಿತತೆ ಇರುವುದರಿಂದ ವಿನ್ಯಾಸದಲ್ಲಿ ಇದಕ್ಕಿಂತ ಹೆಚ್ಚಿನ ಮೌಲ್ಯವನ್ನು ಇಟ್ಟುಕೊಳ್ಳಲಾಗುತ್ತದೆ. ನೀರನ್ನು ಹೊರಹಾಕಿ ಒತ್ತಡ ತಗ್ಗಿಸುವುದು ಸ್ಥಿರತೆ ಹೆಚ್ಚಿಸುವ ಪ್ರಮುಖ ಉಪಾಯವಾಗಿದೆ.

ಬಿಂಗಮ್ ಕ್ಯಾನ್ಯನ್ ಕುಸಿತ

ಅಮೆರಿಕದ ಯೂಟಾ ರಾಜ್ಯದ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯಲ್ಲಿ 2013ರ ಏಪ್ರಿಲ್ 10ರಂದು ಸುಮಾರು ಒಂದೂವರೆ ಗಂಟೆಯ ಅಂತರದಲ್ಲಿ ಎರಡು ಭಾರಿ ಕುಸಿತಗಳು ಸಂಭವಿಸಿದವು. ಬಂಡೆಯು ಮ್ಯಾನಫೇ ಎಂಬ ದುರ್ಬಲ ಪದರದ ಮೇಲೆ ಜಾರಿತ್ತು. ರೇಡಾರ್ ಮುಂತಾದ ಉಪಕರಣಗಳು ಗೋಡೆಯ ಚಲನೆಯನ್ನು ಮೊದಲೇ ಗುರುತಿಸಿದ್ದರಿಂದ ಕಾರ್ಮಿಕರನ್ನು ತೆರವುಗೊಳಿಸಲಾಗಿತ್ತು, ಯಾರಿಗೂ ಗಾಯವಾಗಲಿಲ್ಲ. ವಿನ್ಯಾಸ ಪೂರ್ಣಗೊಂಡ ಮೇಲೂ ಗೋಡೆಯ ನಿರಂತರ ವೀಕ್ಷಣೆ ಅಗತ್ಯವೆಂಬುದಕ್ಕೆ ಈ ಘಟನೆ ನಿದರ್ಶನವಾಗಿದೆ.