ಗೋದಿಯ ಹೊಲದಿಂದ ಶಂಷಾಬಾದಿಗೆ

ಮಹಬೂಬನಗರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಜಡಚರ್ಲಾ, ಶಾದನಗರಗಳನ್ನು ದಾಟಿದ ಮೇಲೆ ಶಂಷಾಬಾದು ಸಿಗುತ್ತದೆ. ೨೦೦೮ರಲ್ಲಿ ಅಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಆ ಹೆಸರನ್ನು ಕೇಳಿದೊಡನೆ ಎಲ್ಲರಿಗೂ ವಿಮಾನವೇ ನೆನಪಾಗುತ್ತದೆ. ಆದರೆ ನಿಜಾಮರ ಆಳ್ವಿಕೆಯಲ್ಲಿ ಆ ಊರಿನಲ್ಲೊಂದು ಆಸ್ಪತ್ರೆಯಿತ್ತು. ಅಲ್ಲಿ ತಮ್ಮ ಕೊನೆಯ ವರ್ಷಗಳನ್ನು ರೋಗಿಗಳ ನಡುವೆ ಕಳೆದು ಕಣ್ಮುಚ್ಚಿದವರು ಡಾಕ್ಟರ್ ಕ್ಯಾಥರಿನಾ ಷೆಲೆನ್‌ಬರ್ಗ್. ಗಡಿಯಲ್ಲಿ ಬಾಳುವ ನಮಗೆ ಇವರ ವೃತ್ತಾಂತ ಏಕೆ ಬೇಕು ಎಂದು ವಾಚಕರು ಕೇಳಬಹುದು. ಇವರೂ ಗಡಿಯಿಂದ ಗಡಿಗೆ ಸಾಗಿಬಂದ ಜನಾಂಗದ ಮಗಳು ಎಂಬುದೇ ಅದಕ್ಕೆ ಉತ್ತರ.

ಹದಿನಾರನೆಯ ಶತಮಾನದಲ್ಲಿ ನೆದರ್‌ಲೆಂಡ್ಸ್ ಸೀಮೆಯಲ್ಲಿ ಮೆನೊ ಸೈಮನ್ಸ್ ಎಂಬ ಪಾದ್ರಿಯಿದ್ದನು. ಆತನ ಹೆಸರಿನಿಂದ ಮೆನೊನೈಟರೆನಿಸಿಕೊಂಡ ಜನ ಆಯುಧವನ್ನು ಹಿಡಿಯುವುದಿಲ್ಲ, ಆಣೆಯಿಟ್ಟು ನುಡಿಯುವುದಿಲ್ಲ. ತಿಳಿವಳಿಕೆ ಬಂದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುತ್ತಾರೆ. ಇಷ್ಟಕ್ಕಾಗಿಯೇ ಅವರಲ್ಲಿ ಅನೇಕರು ಹಿಂಸೆಗೆ ಗುರಿಯಾದರು. ಹಲವರು ಪ್ರಷ್ಯಾಕ್ಕೆ ಸರಿದರು. ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳ ಕರೆಯ ಮೇರೆಗೆ ಅಲ್ಲಿಂದ ದಕ್ಷಿಣ ರಷ್ಯಾದ ಹುಲ್ಲುಗಾವಲುಗಳಿಗೆ ಹೋಗಿ ೧೭೮೯ರಲ್ಲಿಯೂ ೧೮೦೪ರಲ್ಲಿಯೂ ನೆಲೆಗಳನ್ನು ಸ್ಥಾಪಿಸಿದರು. ಅಲ್ಲಿ ಸುತ್ತಲೂ ರಷ್ಯನ್, ಉಕ್ರೇನಿಯನ್ ಮಾತು. ಇವರ ಮನೆಯೊಳಗೆ ಮಾತ್ರ ಹಳ್ಳಿಯ ಜರ್ಮನ್, ಆರಾಧನೆಗೆ ಗ್ರಾಂಥಿಕ ಜರ್ಮನ್. ನಾಲ್ಕು ತಲೆಮಾರು ಕಳೆದರೂ ಆ ನುಡಿ ಅಳಿಯಲಿಲ್ಲ. ೧೮೭೪ರಲ್ಲಿ ರಷ್ಯಾದಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂದಾಗ ಸಹಸ್ರಾರು ಕುಟುಂಬಗಳು ಮತ್ತೊಮ್ಮೆ ಗಂಟುಕಟ್ಟಿದವು. ಈ ಬಾರಿ ಹಡಗನ್ನೇರಿದ್ದು ಅಮೆರಿಕಕ್ಕೆ.

ಕ್ಯಾಥರಿನಾ ಹುಟ್ಟಿದ್ದು ೧೮೭೦ರಲ್ಲಿ, ರಷ್ಯಾದಲ್ಲಿ. ೧೮೭೯ರಲ್ಲಿ ತಂದೆ ಅಬ್ರಹಾಂ ಷೆಲೆನ್‌ಬರ್ಗರು ಸಂಸಾರವನ್ನು ಕನ್ಸಾಸ್ ಪ್ರಾಂತಕ್ಕೆ ಕರೆತಂದರು. ಅವರು ಸಭೆಯ ಹಿರಿಯರೂ ಹೌದು, ಮಣ್ಣನ್ನು ನಂಬಿದ ಕೃಷಿಕರೂ ಹೌದು. ಈ ಜನ ರಷ್ಯಾದಿಂದ ತಂದ ಕೆಂಪು ಗೋದಿಯನ್ನು ಹಿಮ ಬೀಳುವ ಮುನ್ನ ಬಿತ್ತುತ್ತಾರೆ. ಅದು ಹಿಮದಡಿಯಲ್ಲಿ ಚಳಿಗಾಲವನ್ನು ಕಳೆದು ಬೇಸಗೆಯ ಮೊದಲಿಗೆ ಕೊಯ್ಲಿಗೆ ಬರುತ್ತದೆ. ಮಳೆಗಾಲ ಮುಗಿಯುವಾಗ ಬಿತ್ತಿ, ಇಬ್ಬನಿಯನ್ನೂ ನೆಲದ ಹಸಿಯನ್ನೂ ನಂಬಿ ಬಿಳಿಜೋಳ ಬೆಳೆಯುವ ನಮ್ಮ ರೈತರಿಗೆ ಆ ತಾಳ್ಮೆ ಅಪರಿಚಿತವಲ್ಲ. ಹುಡುಗಿ ಹದಿಹರೆಯದಲ್ಲಿರುವಾಗಲೇ ತಾಯಿ ತೀರಿಹೋದರು. ತಮ್ಮತಂಗಿಯರ ಭಾರ ಅಕ್ಕನ ಹೆಗಲಿಗೆ ಬಿದ್ದಿತು. ಶುಶ್ರೂಷೆಯ ಮೊದಲ ಪಾಠ ಅಡಿಗೆಮನೆಯಲ್ಲಿಯೇ ಆಯಿತೆಂದು ನಾನು ಭಾವಿಸುತ್ತೇನೆ.

ಮುಂದೆ ಅವರು ದಾದಿಯ ಕೆಲಸವನ್ನು ಕಲಿತರು. ಅಷ್ಟಕ್ಕೆ ತೃಪ್ತರಾಗದೆ ಕನ್ಸಾಸ್ ನಗರದ ಹೋಮಿಯೋಪಥಿ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. (ಸಕ್ಕರೆಯ ಗುಳಿಗೆಗಳ ವಿದ್ಯೆಯೆಂದು ನಗಬಾರದು, ಅಮೆರಿಕದ ಅಂತಹ ಕಾಲೇಜುಗಳಲ್ಲಿ ಆಗ ಶಸ್ತ್ರಚಿಕಿತ್ಸೆ, ಹೆರಿಗೆ ಎಲ್ಲವನ್ನೂ ಕಲಿಸುತ್ತಿದ್ದರು.) ೧೯೦೭ರಲ್ಲಿ, ವಯಸ್ಸು ಮೂವತ್ತೈದನ್ನು ದಾಟಿದ ಮೇಲೆ, ಅವಿವಾಹಿತೆಯಾಗಿ ಹೈದರಾಬಾದು ಸಂಸ್ಥಾನಕ್ಕೆ ಬಂದರು. ಮೆನೊನೈಟ್ ಬ್ರೆದರನ್ ಸಭೆಯವರು ೧೮೯೯ರಲ್ಲಿಯೇ ಮಲಕ್‌ಪೇಟೆಯಲ್ಲಿ ನೆಲೆಯೂರಿದ್ದರಾದರೂ ಅವರಲ್ಲಿ ವೈದ್ಯರಾಗಿ ಬಂದವರು ಇವರೇ ಮೊದಲಿಗರು. ಮುಂದೆ ನಾಗರಕರ್ನೂಲು, ಕಡೆಗೆ ಶಂಷಾಬಾದು ಇವರ ಕಾರ್ಯಕ್ಷೇತ್ರವಾದವು.

ಆ ಸಂಸ್ಥೆ ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚಬೇಕಾಗಿಲ್ಲ, ಅದರ ವಾದವಿವಾದಗಳಿಗೆ ಇದು ಸ್ಥಳವೂ ಅಲ್ಲ. ಹೆರಿಗೆಯ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂಬುದು ಬೇರೆಯ ಮಾತು. ಪರದೆಯ ಕಟ್ಟಳೆಯಿದ್ದ ಮನೆತನಗಳಲ್ಲಿಯೂ, ಅದಿಲ್ಲದ ಹಳ್ಳಿಗಳಲ್ಲಿಯೂ ಗಂಡಸು ವೈದ್ಯನಿಗೆ ಮೈ ತೋರಿಸುವುದಕ್ಕಿಂತ ಸಾಯುವುದೇ ಮೇಲೆಂದು ಎಣಿಸಿದ ಹೆಂಗಸರಿದ್ದರು. ಅವರಿಗೆ ಹೆಣ್ಣು ವೈದ್ಯೆಯೊಬ್ಬಳು ಸಿಕ್ಕುವುದೆಂದರೆ ಜೀವ ಸಿಕ್ಕಿದಂತೆ. ಈ ನಾಡಿನ ಅಂದಿನ ರೋಗಗಳಾದರೂ ಎಂಥವು! ಕಾಲರಾ, ಪ್ಲೇಗು, ೧೯೧೮ರ ಇನ್‌ಫ್ಲುಯೆಂಜಾ. ಮೆಟ್ಟಿಲುಬಾವಿಯ ನೀರಿನಿಂದ ಬರುತ್ತಿದ್ದ ನಾರುಹುಣ್ಣು. ಹುಣ್ಣಿನಿಂದ ಇಣುಕುವ ಹುಳವನ್ನು ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕಿಷ್ಟೆಂದು ಎಳೆಯುವುದೇ ಅದರ ಚಿಕಿತ್ಸೆ. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಸಲ್ಫಾ ಔಷಧಗಳು ದೊರೆತದ್ದು ೧೯೩೫ರ ಅನಂತರ. ವೈದ್ಯರ ಬಳಿ ಇದ್ದದ್ದು ಬಿಸಿನೀರು, ಶುಚಿತ್ವ, ಪಥ್ಯ, ಎಚ್ಚರದ ಕಣ್ಣು. ಅಂತಹ ಕಾಲದಲ್ಲಿ ದಯೆಯೂ ಔಷಧದ ಒಂದು ಭಾಗವೇ ಆಗಿತ್ತು.

ದಯೆಗೂ ಭಾಷೆ ಬೇಕು. ಹೊಟ್ಟೆ ನುಲಿಯುತ್ತದೆ, ಕೀಲು ಸೆಳೆಯುತ್ತದೆ, ಬೆನ್ನಿನಲ್ಲಿ ಚಳಕು ಹೊಡೆಯುತ್ತದೆ, ಕಾಲು ಜೋಮು ಹಿಡಿಯುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ಹೇಳುವುದನ್ನು ಪರಭಾಷೆಯಲ್ಲಿ ಹೇಳಿಸಲಾಗದು. ರೋಗಿ ವೈದ್ಯರ ಭಾಷೆಯನ್ನು ಕಲಿತು ಬರುವುದಿಲ್ಲ. ವೈದ್ಯರೇ ರೋಗಿಯ ಭಾಷೆಯನ್ನು ಕಲಿಯಬೇಕು. ಜರ್ಮನ್ ತಾಯ್ನುಡಿಯ, ಅಮೆರಿಕದಲ್ಲಿ ಇಂಗ್ಲಿಷನ್ನು ರೂಢಿಸಿಕೊಂಡ ಈ ಮಹಿಳೆ ತೆಲುಗನ್ನು ಕಲಿತದ್ದು ಅದಕ್ಕಾಗಿಯೇ. ಅವರ ನೆಲೆಗಳು ತೆಲುಗು ಸೀಮೆಯವು. ನಮ್ಮ ನುಡಿಗೆ ಸರದಿ ಬರಲಿಲ್ಲವೆಂದು ಕೊರಗಬೇಕಾಗಿಲ್ಲ. ಆದರೆ ಕಚೇರಿಯ ಉರ್ದುವಿನ ಸಂಸ್ಥಾನದಲ್ಲಿ ಬಡವಳ ಮನೆಮಾತಿಗೆ ಕಿವಿಗೊಟ್ಟದ್ದು ಗಡಿಯವರಾದ ನಮಗೆ ಸಣ್ಣ ಸಂಗತಿಯಲ್ಲ.

ಇತ್ತ ಹೀಗಿರಲು, ಅತ್ತ ಅವರ ತಾಯ್ನುಡಿಯೇ ಕಷ್ಟಕ್ಕೆ ಸಿಲುಕಿತು. ೧೯೧೭ರಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಜರ್ಮನ್ ಮಾತನಾಡುವವರೆಲ್ಲ ಅನುಮಾನಕ್ಕೆ ಪಾತ್ರರಾದರು. ಕನ್ಸಾಸಿನ ಮೆನೊನೈಟರನ್ನು ಜನಗುಂಪುಗಳು ಪೀಡಿಸಿದವು. ರಷ್ಯಾದಲ್ಲಿ ನೂರು ವರ್ಷ ಉಳಿದಿದ್ದ ನುಡಿ ಅಮೆರಿಕದ ಆರಾಧನಾ ಮಂದಿರಗಳಿಂದ ಕೆಲವೇ ದಶಕಗಳಲ್ಲಿ ಹಿಂದೆ ಸರಿಯಿತು. ಬಲಾತ್ಕಾರದಿಂದ ಅಷ್ಟು, ಮಕ್ಕಳು ಶಾಲೆಯಲ್ಲಿ ಕಲಿತದ್ದರಿಂದ ಅದಕ್ಕಿಂತ ಹೆಚ್ಚು. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಥರಿನಾ ಅವರು ೧೯೪೫ರ ಜನವರಿ ೧ರಂದು ಶಂಷಾಬಾದಿನಲ್ಲಿ ತೀರಿಕೊಂಡರು. ಆಗ ಅವರಿಗೆ ೭೪ ವರ್ಷ. ೧೯೪೮ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ೧೯೫೬ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ಲು, ತಾಂಡೂರುಗಳು ಆಂಧ್ರ ಪ್ರದೇಶಕ್ಕೆ ಸೇರಿ, ನಾವು ಗೆರೆಯ ಈಚೆಗೆ ಉಳಿದೆವು. ಆ ಸಭೆಯವರ ವೈದ್ಯಕೀಯ ಕಾರ್ಯ ಜಡಚರ್ಲೆಯ ಆಸ್ಪತ್ರೆಯಲ್ಲಿ ಮುಂದುವರಿಯಿತು.